ಇಂಜಿನ್ ಇಲ್ಲದ ಗಾಡಿಯ ಸಪ್ಪಳ

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆ ಆ ಸಪ್ಪಳ ಕೇಳಿದವನು ನಾನೊಬ್ಬನೇ ಅಲ್ಲ. ನನ್ನ ಜೊತೆಗಿದ್ದ ಸುಧಾ ಮೇಡಂ ಕೂಡ ಕೇಳಿದ್ದಾರೆ. ಅವರು ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಅಂದರೂ ಹೇಗೆ ಎಂದು ಕೇಳುವ ಹೆಣ್ಣುಮಗಳು.

ಕಲಬುರಗಿಯ ನೆಹರು ಗಂಜ್ ಹಿಂದಿನ ಗಲ್ಲಿಯಲ್ಲಿ ನನ್ನ ಗ್ಯಾರೇಜ್ ಇದೆ. ರಿಪೇರಿಗಿಂತ ನನಗೆ ಹೆಸರು ತಂದದ್ದು ಇನ್ನೊಂದು ಕೆಲಸ. ಹಳೆಯ ಕಾರು ಕೊಳ್ಳುವವರು ಮೊದಲು ಅದನ್ನು ನನಗೆ ತೋರಿಸುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತೇನೆ. ಆಮೇಲೆ ‘ತಗೋರಿ’ ಅನ್ನುತ್ತೇನೆ, ಇಲ್ಲವೇ ‘ಬ್ಯಾಡ’ ಅನ್ನುತ್ತೇನೆ. ಆ ಒಂದು ಮಾತಿನ ಮೇಲೆ ಜನ ಗಾಡಿ ಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ.

ಸುಧಾ ಮೇಡಂ ಬಂದಾಗ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರು. ಬಸ್ಸಿನಿಂದ ಇಳಿಯುವಾಗ ಬಿದ್ದು ಮೊಣಕಾಲು ಮುರಿದಿತ್ತು. ಗಂಡ ಸೊಲ್ಲಾಪುರದಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಆರು ವರ್ಷದ ಮಗಳು ತಾಯಿ ಬರುವ ತನಕ ಪಕ್ಕದ ಮನೆಯಲ್ಲಿ ಇರುತ್ತಾಳೆ.

“ಚಾಚಾ, ಈ ಕಾಲಿಲೆ ಕ್ಲಚ್ ಒತ್ತಾಕ ಆಗಂಗಿಲ್ರಿ. ಬಸ್ ಹತ್ತಾಕಂತೂ ಆಗಂಗಿಲ್ಲ. ಸೇಡಂ ರಸ್ತೆದಾಗ ಒಂದು ಕರೆಂಟ್ ಗಾಡಿ ಮಾರಾಕ ಇಟ್ಟಾರ. ಅದಕ್ಕ ಕ್ಲಚ್ ಇರಂಗಿಲ್ಲ. ಅದು ಆದ್ರ ನೌಕರಿ ಉಳಿತದ, ಇಲ್ಲಂದ್ರ ರಾಜೀನಾಮಾ. ನೀವು ಹೂಂ ಅಂದ್ರ ತಗೋತೀನ್ರಿ.”

ಗಾಡಿ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಬಿಳಿ ಬಣ್ಣದ ಸಣ್ಣ ಕಾರು, ಒಂದು ಗೀರು ಇಲ್ಲ. ಇಷ್ಟು ಚೆಂದದ ಗಾಡಿಯನ್ನು ಯಾರು ಮಾರುತ್ತಾರೆ? ಬ್ಯಾಂಕಿನಲ್ಲಿದ್ದ ಮಾಲೀಕರು, ಬೀದರಿಗೆ ವರ್ಗ ಆಗಿದೆ, ಅಲ್ಲಿಯ ಬಾಡಿಗೆ ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲ ಎಂದರು. ಸರಿ ಅನ್ನಿಸಿತು, ಆದರೆ ನಂಬಲಿಲ್ಲ. ಕಾರ್ಪೆಟ್ ಎತ್ತಿ ಮೂಸಿದೆ, ನೀರು ಹೊಕ್ಕ ವಾಸನೆ ಇಲ್ಲ. ಬಾಗಿಲಿನ ಬೋಲ್ಟು ಯಾರೂ ಬಿಚ್ಚಿಲ್ಲ. ಅಡಿಯಲ್ಲಿ ಮಲಗಿ ಬ್ಯಾಟರಿಯ ತಳ ಸವರಿದೆ, ಹಂಪ್‌ಗೆ ತಾಗಿದ ಗುರುತೂ ಇಲ್ಲ.

ಬಾನೆಟ್ ಎತ್ತಿದೆ. ಒಂದು ದೊಡ್ಡ ಡಬ್ಬಿ, ಅದಕ್ಕೆ ಕಿತ್ತಳೆ ಬಣ್ಣದ ವೈರುಗಳು. ಅಷ್ಟೇ. ಕೇಳಲು ಏನೂ ಇಲ್ಲ. ಯಾವ ಪ್ರಶ್ನೆಗೂ ಬಾಯಿ ಬಿಡದ ಮನುಷ್ಯನ ಎದುರು ಕೂತ ಹಾಗಾಯಿತು. ನನಗೆ ಸಿಟ್ಟೇ ಬಂತು.

ಗಾಡಿ ಪರೀಕ್ಷೆಗೆ ನನ್ನದೊಂದು ಪದ್ಧತಿ ಇದೆ. ಕೊಳ್ಳುವವರು ದಿನಾ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಓಡಿಸುತ್ತಾರೋ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸಿ ನೋಡಬೇಕು. ಮೇಡಂಗೆ ಹತ್ತನೇ ತರಗತಿಯ ವಿಶೇಷ ಕ್ಲಾಸು ಇರುತ್ತದೆ, ಕಮಲಾಪುರ ಬಿಡುವಾಗ ಏಳು ಗಂಟೆ ಆಗುತ್ತದೆ. ಅದಕ್ಕೇ ಐದಕ್ಕೆ ಕಲಬುರಗಿ ಬಿಟ್ಟೆವು. ಹೋಗುವಾಗ ನಾನು ಓಡಿಸಿದೆ.

ಸುಳ್ಳು ಯಾಕೆ ಹೇಳಲಿ, ಗಾಡಿ ಬೆಣ್ಣೆಯ ಹಾಗೆ ಹೋಯಿತು. ಏರಿನಲ್ಲಿ ಉಸಿರುಗಟ್ಟಲಿಲ್ಲ. ಲಾರಿ ಹಿಂದೆ ಹಾಕುವಾಗ ಕಾಲಿಟ್ಟರೆ ಸಾಕು, ಜಿಗಿಯುತ್ತಿತ್ತು. ಕಾಲು ತೆಗೆದರೆ ತಾನೇ ನಿಧಾನವಾಗುತ್ತಿತ್ತು, ಬ್ರೇಕಿಗೆ ಅರ್ಧ ಕೆಲಸ ಇಲ್ಲ. ಏಸಿ ಹಾಕಿಕೊಂಡೇ ಹೋಗಿದ್ದೆವು, ಕಮಲಾಪುರ ಮುಟ್ಟಿದಾಗಲೂ ಚಾರ್ಜು ಮುಕ್ಕಾಲಿನ ಹತ್ತಿರ ಇತ್ತು. ನನ್ನ ಅನುಮಾನಕ್ಕೆ ಹಿಡಿಯಲು ಒಂದು ಕೊಂಬೆಯೂ ಸಿಗಲಿಲ್ಲ.

ಚಹಾ ಕುಡಿದು ಕತ್ತಲಾಗುವ ತನಕ ಕಾದೆವು. ತಿರುಗಿ ಬರುವಾಗ ಮೇಡಂ ಕೂತರು ಸ್ಟಿಯರಿಂಗ್ ಹಿಂದೆ, ನಾನು ಪಕ್ಕದಲ್ಲಿ.

ಚಳಿಗಾಲದ ಕತ್ತಲು. ಎರಡೂ ಕಡೆ ತೊಗರಿ ಹೊಲ. ಒಳಗೆ ಎಷ್ಟು ನಿಶ್ಶಬ್ದ ಎಂದರೆ ಮೇಡಂ ಅವರ ಬಳೆಯ ಸದ್ದು ಕೇಳುತ್ತಿತ್ತು. ಮಹಾಗಾಂವ ಕ್ರಾಸ್ ಇನ್ನೂ ಮುಂದಿತ್ತು...

ಆಗ ಮೂಗಿಗೆ ಬಡಿಯಿತು ಪೆಟ್ರೋಲ್ ವಾಸನೆ.

“ಚಾಚಾ, ಪೆಟ್ರೋಲ್ ವಾಸನಿ ಬರಾಕತ್ತದ. ನಿಮ್ಮ ಅಂಗಿದು ಇರಬೇಕು,” ಎಂದು ಮೇಡಂ ನಕ್ಕರು.

ನಾನು ನಗಲಿಲ್ಲ. ಅಂದು ಶುಕ್ರವಾರ. ಮಧ್ಯಾಹ್ನ ನಮಾಜಿಗೆಂದು ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡಿದ್ದೆ. ತೋಳು ಮೂಸಿ ನೋಡಿದೆ, ಸಾಬೂನಿನ ವಾಸನೆ ಬಿಟ್ಟರೆ ಏನಿಲ್ಲ. ಕಿಟಕಿ ಇಳಿಸಿದೆ. ಹೊರಗೆ ಬರೀ ತಂಪು ಗಾಳಿ. ಏರಿಸಿದರೆ ಮತ್ತೆ ಅದೇ. ಈಗ ಅದರ ಜೊತೆ ಕಾದ ಇಂಜಿನ್ ಆಯಿಲ್ ವಾಸನೆಯೂ ಇತ್ತು.

ಆಮೇಲೆ... ಟಕ್.

ಟಕ್... ಟಕ್... ಟಕ್... ಒಂದು ಕ್ಷಣ ಏನಿಲ್ಲ. ಮತ್ತೆ ಟಕ್... ಟಕ್... ಟಕ್...

“ಬಾಜೂಕ ನಿಲ್ಸರಿ, ಮೇಡಂ.”

“ಯಾಕ್ರಿ? ಏನಾತು?”

“ಮೊದ್ಲ ನಿಲ್ಸರಿ.”

ನಿಲ್ಲಿಸಿದರು. ಗಾಡಿ ಬಂದ್ ಮಾಡಿಸಿ ಕೀಲಿ ನನ್ನ ಜೇಬಿಗೆ ಹಾಕಿಕೊಂಡೆ. ಪರದೆ ಕಪ್ಪಾಯಿತು, ದೀಪ ಆರಿದವು. ಮೊಬೈಲ್ ಬೆಳಕಿನಲ್ಲಿ ಬಾನೆಟ್ ಎತ್ತಿದೆ. ಒಳಗೆ ಎಲ್ಲ ತಣ್ಣಗಿತ್ತು, ಫ್ಯಾನ್ ಕೂಡ ತಿರುಗುತ್ತಿರಲಿಲ್ಲ. ನನಗೆ ನಾಚಿಕೆಯೇ ಆಯಿತು, ಆದರೂ ಕೈ ಕೇಳಬೇಕಲ್ಲ... ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಬದಿಯ ಕಬ್ಬಿಣದ ಮೇಲಿಟ್ಟು ಕಿವಿ ಹಚ್ಚಿದೆ.

ಇಂಜಿನ್ ನಡೆದಿತ್ತು. ಪೆಟ್ರೋಲ್ ಇಂಜಿನ್, ನಿಂತಲ್ಲೇ ನಡೆಯುವಾಗಿನ ಸಪ್ಪಳ. ಮೂರು ಬಡಿತ, ನಾಲ್ಕನೆಯದು ತಪ್ಪು. ಮೂರು ಬಡಿತ, ನಾಲ್ಕನೆಯದು ತಪ್ಪು.

ಕೈ ಹಿಂದೆ ತೆಗೆದೆ. ಮೇಡಂ ಪಕ್ಕಕ್ಕೆ ಬಂದು ನಿಂತಿದ್ದರು.

“ನನಗೂ ಕೊಡ್ರಿ, ಕೇಳ್ತೀನಿ.”

ಬೇಡ ಅನ್ನುವುದರೊಳಗೆ ತೆಗೆದುಕೊಂಡು ಕಿವಿಗೆ ಹಚ್ಚಿಕೊಂಡರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನೂ ಕೇಳಿಸದಿರಲಿ ಎಂದು ಅಲ್ಲಾಹನನ್ನು ಬೇಡಿಕೊಂಡೆ.

ಅವರು ಹುಬ್ಬು ಗಂಟಿಕ್ಕಿದರು. “ಚಾಚಾ, ಗಾಡಿ ಬಂದ್ ಮಾಡೀವಿ ಅಲ್ರಿ? ಮತ್ತ ಒಳಗ ಇಂಜಿನ್ ಯಾಕ ನಡದದ?”

ಈ ಗಾಡಿಯಲ್ಲಿ ಇಂಜಿನ್ನೇ ಇಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಬಾನೆಟ್ ಇಳಿಸಿದೆ. “ನಡೀರಿ, ಇಲ್ಲಿ ನಿಲ್ಲೂದು ಬ್ಯಾಡ,” ಎಂದಷ್ಟೇ ಅಂದೆ. ಉಳಿದ ದಾರಿ ನಾನು ಓಡಿಸಿದೆ. ಕ್ರಾಸ್ ದಾಟಿದ ಮೇಲೆ ವಾಸನೆ ಹೋಯಿತು, ಸಪ್ಪಳವೂ ನಿಂತಿತು.

ಅವರ ಮನೆ ಕೋಟನೂರಿನಲ್ಲಿ. ಗಾಡಿ ನಿಂತ ಸದ್ದೇ ಬರದಿದ್ದರೂ ಮಗಳು ಪಕ್ಕದ ಮನೆಯಿಂದ ಓಡಿ ಬಂದಳು. “ಆಯಿ, ಇದು ನಮ್ಮ ಗಾಡಿ ಏನು?” ಎಂದು ತಾಯಿಯ ಸೊಂಟಕ್ಕೆ ಜೋತುಬಿದ್ದಳು.

ಮೇಡಂ ನನ್ನ ಕಡೆ ತಿರುಗಿದರು. “ಖರೇ ಹೇಳ್ರಿ ಚಾಚಾ. ನಿಮ್ಮ ಮಗಳಿಗಾದ್ರ ಈ ಗಾಡಿ ಕೊಡಿಸ್ತಿದ್ರಿ ಏನು?”

ಮಗುವನ್ನು ಒಳಗೆ ಕಳಿಸಿ ಎಂದೆ. ಆಮೇಲೆ ಎಂಟು ವರ್ಷದಿಂದ ನನ್ನ ಹೆಂಡತಿಗೂ ಹೇಳದ್ದನ್ನು ಅಲ್ಲೇ ಗೇಟಿನ ಹತ್ತಿರ ನಿಂತು ಹೇಳಿಬಿಟ್ಟೆ.

ಆ ಸಪ್ಪಳ ನನಗೆ ಗೊತ್ತು. ಅದು ಶರಣಪ್ಪನ ಕಾರಿನದು. ಶರಣಪ್ಪ ಕಮಲಾಪುರದವನು, ಮದುವೆಯ ಫೋಟೋ ತೆಗೆಯುತ್ತಿದ್ದ. ಅವನು ಕೊಳ್ಳಬೇಕೆಂದಿದ್ದ ಹಳೆಯ ಕಾರನ್ನು ನಾನೇ ಪರೀಕ್ಷೆ ಮಾಡಿದ್ದೆ. ಇಂಜಿನ್ ಬಡಿತ ತಪ್ಪುತ್ತಿತ್ತು, ಅದು ದೊಡ್ಡದಲ್ಲ. ಆದರೆ ಮುಂದಿನ ಎಡಗಾಲಿಯ ಜಾಯಿಂಟ್ ಸಡಿಲಾಗಿತ್ತು. ಕೈಯಿಂದ ಅಲ್ಲಾಡಿಸಿದಾಗಲೇ ತಿಳಿದಿತ್ತು. ಮಾರುವವನು ನನ್ನ ಖಾಯಂ ಗಿರಾಕಿ, ವರ್ಷವಿಡೀ ಕೆಲಸ ಕೊಡುವವನು. ಅವನೆದುರು ಬಾಯಿ ಬಿಡಲಿಲ್ಲ. ಇನ್ನೊಂದು ದಿನ ಕರೆಸಿ ಬದಲಿಸಿದರಾಯಿತು ಎಂದುಕೊಂಡು ‘ತಗೋ’ ಅಂದೆ.

ಆ ಇನ್ನೊಂದು ದಿನ ಬರಲೇ ಇಲ್ಲ. ಕ್ರಾಸ್‌ಗಿಂತ ಆಚೆ, ನಾವು ನಿಂತ ಜಾಗದಲ್ಲೇ, ಗಾಲಿ ಕಳಚಿ ಗಾಡಿ ಹೊಲಕ್ಕೆ ಉರುಳಿತು. ಶರಣಪ್ಪ ಅಲ್ಲೇ ತೀರಿಕೊಂಡ. ಜೋರಾಗಿ ಓಡಿಸಿರಬೇಕು ಎಂದು ಎಲ್ಲರೂ ಅಂದರು. ನಾನೂ ಹೌದು ಹೌದು ಅಂದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮೇಡಂ ಕೇಳಿದರು. “ಅವರ ಮನಿಗೆ ಹೋಗಿದ್ರೇನ್ರಿ?”

“ಇಲ್ಲ.”

“ಈ ಗಾಡ್ಯಾಗ ಏನರ ದೋಷ ಅದ ಏನು?”

“ನನ್ನ ಕೈಗೆ ಸಿಕ್ಕಿಲ್ರಿ. ಖರೇ ಅಂದ್ರ ಸಿಕ್ಕಿಲ್ಲ.”

ಮರುದಿನ ಕರೆಂಟ್ ಗಾಡಿ ರಿಪೇರಿ ಮಾಡುವ ಹುಡುಗರಿಂದ ಪೂರ್ತಿ ಪರೀಕ್ಷೆ ಮಾಡಿಸಿದೆ. ಎತ್ತಿ ನಿಲ್ಲಿಸಿ ಗಾಲಿ ಗಾಲಿ ಅಲ್ಲಾಡಿಸಿದರು. ಒಂದು ನಟ್ಟೂ ಸಡಿಲಾಗಿರಲಿಲ್ಲ. ನಾನು ತಗೋರಿ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಮೇಡಂ ತಗೊಂಡರು.

ಅಂದಿನಿಂದ ಸಂಜೆ ಏಳಾದರೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮನೆ ಮುಟ್ಟಿದ ಮೇಲೆ ಅವರು ಒಂದು ಮಿಸ್ ಕಾಲ್ ಕೊಡುತ್ತಾರೆ. ಅದು ಬಂದ ಮೇಲೆಯೇ ನಾನು ಗ್ಯಾರೇಜಿನ ಶಟರ್ ಎಳೆಯುವುದು. ಎರಡು ತಿಂಗಳಾಯಿತು, ಒಂದು ದಿನವೂ ತಪ್ಪಿಲ್ಲ.

ಮೊನ್ನೆ ಮಿಸ್ ಕಾಲ್ ಬದಲು ಮಾತಾಡಿದರು.

“ಚಾಚಾ, ಗಾಡಿ ಬಾಳ ಛಲೋ ಅದ. ಆ ವಾಸನಿ, ಆ ಸಪ್ಪಳ ಮತ್ತ ಒಂದ್ ದಿನಾನೂ ಬಂದಿಲ್ಲ. ನೀವು ಕೂತಾಗ ಅಷ್ಟ ಬಂದಿತ್ತು.”

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅವರೇ ಮುಂದುವರಿಸಿದರು.

“ಶರಣಪ್ಪನ ತಾಯಿ ಇನ್ನೂ ಅದಾರ. ನಮ್ಮ ಸಾಲಿ ಹಿಂದಿನ ಓಣ್ಯಾಗ ಅವ್ರ ಮನಿ. ನಾನು ಮಾತಾಡ್ಸಿ ಬಂದೀನಿ, ನೀವು ಯಾರು ಅಂತ ಹೇಳಿಲ್ಲ. ಶನಿವಾರ ನನ್ನ ಗಾಡ್ಯಾಗ ಬರ್ರಿ. ನಾನ ಕರಕೊಂಡು ಹೋಗ್ತೀನಿ. ಬರಾಗ ಜರಾ ಕತ್ತಲಾಗ್ತದ, ಆದ್ರೂ ನಡೀತದ.”

ಹೂಂ ಅಂದುಬಿಟ್ಟೆ.

ನಾಳೆಯೇ ಶನಿವಾರ. ಆ ತಾಯಿಯ ಎದುರು ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಸ್ಸಿಗೆ ಹೋಗುತ್ತೇನೆ ಅನ್ನಬಹುದು, ಆದರೆ ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ. ಬರುವುದು ನನಗಾಗಿ ಬರಲಿ, ಅದಕ್ಕೆ ನಾನು ತಯಾರು. ಆದರೆ ಸ್ಟಿಯರಿಂಗ್ ಹಿಂದೆ ಇರುವವರು ಮೇಡಂ. ಕೋಟನೂರಿನ ಪಕ್ಕದ ಮನೆಯಲ್ಲಿ ಆ ಮಗು ದಾರಿ ಕಾಯುತ್ತಿರುತ್ತದೆ. ಗಾಡಿಯಲ್ಲಿ ದೋಷವಿಲ್ಲ ಎಂದು ನನಗೆ ಗೊತ್ತು. ನಾನು ಕೂತರೆ ಅದು ಸುರಕ್ಷಿತ ಹೌದೋ ಅಲ್ಲವೋ, ಅದು ಮಾತ್ರ ಗೊತ್ತಿಲ್ಲ. ಸಂಜೆ ಐದಕ್ಕೆ ಅವರು ಬಂದು ಹಾರ್ನ್ ಹೊಡೆಯುತ್ತಾರೆ. ಅಷ್ಟರೊಳಗೆ ನಾನು ಹೂಂ ಅನ್ನಬೇಕು, ಇಲ್ಲವೇ ಬ್ಯಾಡ ಅನ್ನಬೇಕು...