ಕರೆಂಟು ಹೋದಾಗ ಬಾಗಿಲಲ್ಲಿ ನಿಂತಿದ್ದ ಗಂಡ

ತಿಪಟೂರಿನ ಸುಮಿತ್ರಾ ಪಿಯುಸಿ ಓದುತ್ತಿದ್ದಾಗ ವಾರಪತ್ರಿಕೆಯಲ್ಲಿ ನಾಗವೇಣಿ ಎಂಬವಳ ಕಥೆ ಧಾರಾವಾಹಿಯಾಗಿ ಬರುತ್ತಿತ್ತು. ಮೂವತ್ತೆರಡು ವಾರ ಅದರ ಹಾಳೆಗಳನ್ನು ಕಿತ್ತಿಟ್ಟುಕೊಂಡು, ಕೊನೆಗೆ ಗೋಣಿದಬ್ಬಳದಲ್ಲಿ ತಾನೇ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ದಳು. ಬ್ಯಾಂಕಿನ ವೆಂಕಟರಮಣನನ್ನು ಮದುವೆಯಾಗಿ ವಿಜಯವಾಡಕ್ಕೆ ಹೊರಟಾಗ ಆ ಕಟ್ಟೂ ಸೀರೆಗಳ ನಡುವೆ ಹೊರಟಿತು. ಅಲ್ಲಿ ಮಗಳು ಹುಟ್ಟಿದಳು. ಬೆಟ್ಟದ ಮೇಲಿನ ಅಮ್ಮನ ಹೆಸರನ್ನೇ ಇಟ್ಟು ಕನಕದುರ್ಗ ಎಂದು ಕರೆದರು. ಮಗುವಿಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು.

ಅಲ್ಲಿನ ಸೀತಮ್ಮಧಾರ ಬಡಾವಣೆಯ ಬಾಡಿಗೆ ಮನೆಯಲ್ಲಿ ಸುಮಿತ್ರಾಗೆ ಎಲ್ಲವೂ ಒಗ್ಗಿತು. ಕನ್ನಡದ ಪುಸ್ತಕ ಮಾತ್ರ ಸಿಗುತ್ತಿರಲಿಲ್ಲ. ಇದ್ದ ಕಟ್ಟನ್ನೇ ವರ್ಷಕ್ಕೊಂದು ಸಲ ಓದುತ್ತಿದ್ದಳು. ಮಗಳಿಗೆ ಕನ್ನಡ ಅಕ್ಷರ ಕಲಿಸಲು ಸ್ಲೇಟು ಹಿಡಿದು ಕೂತರೆ, "ಸ್ಕೂಲಲ್ಲಿ ತೆಲುಗು ಅಕ್ಷರ ಕಲಿತಿದೀನಲ್ಲಮ್ಮಾ, ಮತ್ತೆ ಇನ್ನೊಂದು ಯಾಕೆ?" ಎಂದು ಅವಳು ಆಟಕ್ಕೆ ಓಡುತ್ತಿದ್ದಳು.

ಎಂಬತ್ತೆಂಟರ ಒಂದು ಶನಿವಾರ ವೆಂಕಟರಮಣ ಪೇಪರು ಹಿಡಿದುಕೊಂಡೇ ಅಡುಗೆಮನೆಗೆ ಬಂದ. "ಸುಮಿತ್ರಾ, ನಾಳೆ ಮಧ್ಯಾಹ್ನ ಟೀವೀಲಿ ವಾರಕ್ಕೊಂದು ಭಾಷೆಯ ಸಿನಿಮಾದಲ್ಲಿ ಕನ್ನಡದ ಸರದಿ. ಯಾವ ಸಿನಿಮಾ ಹೇಳು? ನಿನ್ನ ನಾಗವೇಣಿ ಕಥೆ!"

ಆ ಕಾದಂಬರಿ ಸಿನಿಮಾ ಆಗಿದೆಯೆಂದು ತಂಗಿಯ ಕಾಗದದಿಂದ ಸುಮಿತ್ರಾಗೆ ಗೊತ್ತಿತ್ತು. ನೋಡುವ ಯೋಗ ಬಂದಿರಲಿಲ್ಲ. ಅವಳಿಗೆ ಹಿಗ್ಗು ತಡೆಯಲಿಲ್ಲ. ಮಹಡಿಯ ಮನೆಯ ಸೀತಾಮಹಾಲಕ್ಷ್ಮಿಗೆ ಹೇಳಿದಳು, ಆಕೆ ಬೀದಿಗೆಲ್ಲ ಹೇಳಿದಳು. ಭಾನುವಾರ ಒಂದೂವರೆಗೆ ಸುಮಿತ್ರಾಳ ಹಜಾರದಲ್ಲಿ ಹನ್ನೊಂದು ಜನ ಹೆಂಗಸರು ಚಾಪೆ ತುಂಬ ಕೂತಿದ್ದರು.

ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಸುಮಿತ್ರಾಳೇ ತನ್ನ ತಿಪಟೂರು ತೆಲುಗಿನಲ್ಲಿ ಹೇಳುತ್ತಾ ಹೋದಳು. ನಾಗವೇಣಿಯ ಗಂಡ ಹೇಳದೆ ಕೇಳದೆ ಬೊಂಬಾಯಿಗೆ ಹೋಗುತ್ತಾನೆ. ಅವಳು ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಾಳೆ, ಊರಿನ ಹುಡುಗಿಯರಿಗೆ ಕಲಿಸುತ್ತಾಳೆ. ಸಿನಿಮಾದಲ್ಲಿ ಆ ಯಂತ್ರದ ಸದ್ದು ಒಂದು ದೃಶ್ಯದಿಂದ ಇನ್ನೊಂದಕ್ಕೆ ಹರಿದು ಹೋಗುತ್ತಿತ್ತು. ಅದನ್ನು ಕೇಳಿ ಸುಮಿತ್ರಾಗೆ ಮೈ ಜುಮ್ಮೆಂದಿತು. ಅಷ್ಟು ಸಲ ಓದಿದ್ದಳು, ಆ ಸದ್ದು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಎಂಟು ವರ್ಷದ ಮೇಲೆ ಗಂಡ ತಿರುಗಿ ಬಂದ. ಬಾಗಿಲಲ್ಲಿ ನಿಂತ. ನಾಗವೇಣಿ ತಲೆ ಎತ್ತಿದಳು. ಅಷ್ಟರಲ್ಲಿ ಕರೆಂಟು ಹೋಯಿತು.

"ಅಯ್ಯೋ! ತರುವಾತ ಏಮಯಿಂದಿ? ಆಮೇಲೇನಾಯ್ತು, ಹೇಳು ಹೇಳು" ಎಂದು ಎಲ್ಲರೂ ಸುಮಿತ್ರಾಳ ಮೇಲೆ ಬಿದ್ದರು.

ಸುಮಿತ್ರಾ ಹೇಳಿದಳು. ನಾಗವೇಣಿ ಕೈಕಾಲು ತೊಳೆಯಲು ನೀರು ಕೊಟ್ಟಳು, ಎಲೆ ಹಾಕಿ ಬಡಿಸಿದಳು, ಬಂದ ನೆಂಟನನ್ನು ಉಪಚರಿಸಿದ ಹಾಗೆ. ಊಟವಾದ ಮೇಲೆ, ನಾಲ್ಕು ಗಂಟೆಗೆ ಬಸ್ಸಿದೆ ಎಂದು ಹೇಳಿ ಹೊಲಿಯಲು ಕೂತಳು.

ಹಿಂದೆ ಕೂತಿದ್ದ ಮುದುಕಿಯೊಬ್ಬಳು, "ಸರಿಯಾಗಿ ಮಾಡಿದಳು" ಎಂದಳು. ಎಲ್ಲರೂ ನಗುತ್ತಾ ಎದ್ದರು.

ಬುಧವಾರ ಸೀತಾಮಹಾಲಕ್ಷ್ಮಿ ದಡದಡ ಮೆಟ್ಟಿಲಿಳಿದು ಬಂದಳು. ಅವಳ ಅತ್ತಿಗೆ ಅನಕಾಪಲ್ಲಿಯಿಂದ ಬೆಲ್ಲ ತಂದಿದ್ದಳು, ಜೊತೆಗೆ ಸುದ್ದಿಯನ್ನೂ. ಅಲ್ಲಿ ಕರೆಂಟು ಹೋಗಿರಲಿಲ್ಲ. ಸಿನಿಮಾದಲ್ಲಿ ನಾಗವೇಣಿ ಗಂಡನ ಕಾಲಿಗೆ ಬಿದ್ದು ಅತ್ತು, ಯಂತ್ರಕ್ಕೆ ಮುಸುಕು ಹಾಕಿದಳಂತೆ.

"ನಿನಗೆ ಬೇಕಾದ ಹಾಗೆ ಕಥೆ ಕಟ್ಟಿ ನಮ್ಮನ್ನೆಲ್ಲ ನಂಬಿಸಿದೆಯಾ ಸುಮಿತ್ರಾ?"

ಸುಮಿತ್ರಾಳ ಮುಖ ಕೆಂಪಾಯಿತು. ಸುಳ್ಳಿ ಅನ್ನಿಸಿಕೊಂಡದ್ದಕ್ಕಿಂತ ನಾಗವೇಣಿಯನ್ನು ಹಾಗೆ ಮಾಡಿಬಿಟ್ಟರಲ್ಲ ಎಂದು ಹೆಚ್ಚು ಸಿಟ್ಟು ಬಂತು. ಒಳಗೆ ಹೋಗಿ ಕಟ್ಟು ತಂದು ಕೊನೆಯ ಪುಟ ಬಿಚ್ಚಿದಳು. "ನಾನು ಕಟ್ಟಿಲ್ಲ ಅಕ್ಕಾ, ಬರೆದವರು ಬರೆದದ್ದೇ ಹೀಗೆ. ನೋಡಿ, ಓದ್ತೀನಿ ಕೇಳಿ."

"ನೀನು ಓದಿದರೆ ನಾನು ಹೇಗೆ ನಂಬಲಿ? ಕೊಡು ಇಲ್ಲಿ."

ಸೀತಾಮಹಾಲಕ್ಷ್ಮಿ ಕನ್ನಡಕ ಏರಿಸಿ ಪುಟ ನೋಡಿದಳು. ಹುಬ್ಬು ಗಂಟಿಕ್ಕಿತು, ನಿಧಾನಕ್ಕೆ ಸಡಿಲವಾಯಿತು. "ಇವು ನಮ್ಮ ತೆಲುಗು ಅಕ್ಷರಗಳೇ ಅಲ್ಲವೇ! ತಲೆ ಸ್ವಲ್ಪ ಬೇರೆ ಥರ ಬಾಚಿಕೊಂಡಿವೆ, ಅಷ್ಟೇ." ಬೆರಳಿಟ್ಟು ಒಂದೊಂದೇ ಕೂಡಿಸತೊಡಗಿದಳು. 'ತ' ಬಂದಾಗ ತಡವರಿಸಿದಳು. 'ಕ' ಬಂದಾಗ ನಿಂತೇಬಿಟ್ಟಳು.

"ಅದು ಕ, ಅತ್ತಯ್ಯಾ" ಎಂದಳು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಕನಕದುರ್ಗ. ತನಗೆ ಅದು ಬರುತ್ತದೆಂದು ಅವಳಿಗೇ ಆಗ ಗೊತ್ತಾದಂತಿತ್ತು.

"ನಾ... ಲ್ಕು... ಗಂಟೆಗೆ... ಬಸ್ಸಿದೆ." ಸೀತಾಮಹಾಲಕ್ಷ್ಮಿ ತಟ್ಟನೆ ತಲೆ ಎತ್ತಿದಳು. "ನಾಲುಗು ಗಂಟಲಕು ಬಸ್ಸು! ನೀನು ಹೇಳಿದ್ದೇ ನಿಜ!" ಎಂದು ಸುಮಿತ್ರಾಳ ಎರಡೂ ಕೈ ಹಿಡಿದುಕೊಂಡಳು. "ತಪ್ಪಾಯಿತಮ್ಮಾ. ಕೊನೆ ಮಾತ್ರ ಪುಸ್ತಕದ್ದೇ ಇರಲಿ, ಸಿನಿಮಾದ್ದು ಬೇಡ."

"ಯಂತ್ರದ ಸದ್ದು ಮಾತ್ರ ಸಿನಿಮಾದ್ದೇ ಇರಲಿ ಅಕ್ಕಾ" ಎಂದಳು ಸುಮಿತ್ರಾ. ಕೋಪ ಎತ್ತಲೋ ಹೋಗಿತ್ತು. ಅನಕಾಪಲ್ಲಿ ಬೆಲ್ಲದಲ್ಲಿ ಅವತ್ತೇ ಒಬ್ಬಟ್ಟಾಯಿತು.

ಆಮೇಲೆ ಸೀತಾಮಹಾಲಕ್ಷ್ಮಿ ಬಿಡಲಿಲ್ಲ. ಮೊದಲನೇ ಕಂತಿನಿಂದ ಹಿಡಿದು ದಿನಕ್ಕೆರಡು ಪುಟ ತಾನೇ ಓದಬೇಕು, ಅರ್ಥವಾಗದ ಮಾತಿಗೆ ಸುಮಿತ್ರಾ ಅರ್ಥ ಹೇಳಬೇಕು. ಮಹಡಿ ಅತ್ತಯ್ಯ ತನಗಿಂತ ಮುಂದೆ ಹೋಗುವುದನ್ನು ಕನಕದುರ್ಗ ಸಹಿಸದೆ ತಾನೂ ಜೊತೆಗೆ ಕೂತಳು. ಆ ಬೇಸಿಗೆಯಲ್ಲಿ ಅವಳು ತಿಪಟೂರಿನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆದಳು. ಅರ್ಧ ಅಕ್ಷರ ತೆಲುಗಿನವು. ಅಜ್ಜಿ ಪೂರ್ತಿ ಓದಿಕೊಂಡರಂತೆ.

ಇತ್ತ ಸುಮಿತ್ರಾ ಸೀತಾಮಹಾಲಕ್ಷ್ಮಿ ಕೊಟ್ಟ ತೆಲುಗು ಕಾದಂಬರಿಗಳಿಗೆ ಕೈ ಹಾಕಿದಳು. ಮೊದಲನೆಯದಕ್ಕೆ ಮೂರು ತಿಂಗಳು ಹಿಡಿಯಿತು, ಎರಡನೆಯದಕ್ಕೆ ಮೂರು ವಾರ. ಕಪಾಟಿನಲ್ಲಿ ಪುಸ್ತಕವಿಲ್ಲವೆಂಬ ಕೊರಗು ಹೋಯಿತು.

ತೊಂಬತ್ತೆರಡರಲ್ಲಿ ವೆಂಕಟರಮಣನಿಗೆ ಬಡ್ತಿ ಸಿಕ್ಕಿ ಮತ್ತೆ ವಿಜಯವಾಡಕ್ಕೆ ಬಂದರು. ದಸರಾಕ್ಕೆ ಸೀತಾಮಹಾಲಕ್ಷ್ಮಿ ಅಮ್ಮನ ದರ್ಶನಕ್ಕೆಂದು ಬಂದವಳು, ದರ್ಶನ ಮುಗಿಸಿದ ಮಾರನೇ ದಿನವೇ ಮ್ಯಾಟಿನಿಗೆ ಎಳೆದುಕೊಂಡು ಹೋದಳು. ಇಬ್ಬರೂ ಓದಿದ್ದ ತೆಲುಗು ಕಾದಂಬರಿಯೊಂದು ಸಿನಿಮಾ ಆಗಿ ಅಲ್ಲಿನ ಗಾಂಧಿನಗರದ ಥಿಯೇಟರಿನಲ್ಲಿ ಓಡುತ್ತಿತ್ತು.

ಹೊರಗೆ ಬಂದಾಗ ಸುಮಿತ್ರಾ, "ಈ ಸಲ ಸಿನಿಮಾನೇ ವಾಸಿ ಅಕ್ಕಾ. ಪುಸ್ತಕದಲ್ಲಿ ಆ ಹುಡುಗಿಯ ತಂದೆ ಸುಮ್ಮನೆ ಭಾಷಣ ಮಾಡ್ತಾನೆ" ಎಂದಳು.

"ಆ ಭಾಷಣಕ್ಕೇ ನಾನು ಎರಡು ಸಲ ಓದಿದ್ದು!"

ಮನೆಯಿದ್ದ ಸತ್ಯನಾರಾಯಣಪುರದವರೆಗೆ ರಿಕ್ಷಾದಲ್ಲಿ ಒಬ್ಬಳು ತೆಲುಗಿನಲ್ಲಿ, ಒಬ್ಬಳು ಎರಡೂ ಕಲೆಸಿದ ಭಾಷೆಯಲ್ಲಿ ವಾದಿಸುತ್ತಲೇ ಇದ್ದರು. ರಿಕ್ಷಾ ತುಳಿಯುತ್ತಿದ್ದ ಮುದುಕ ಏರು ದಾಟಿದ ಮೇಲೆ ಹಿಂದೆ ತಿರುಗಿ, ಇಷ್ಟಕ್ಕೂ ಆ ಹುಡುಗಿಗೆ ಮದುವೆ ಆಯಿತೋ ಇಲ್ಲವೋ ಎಂದು ಕೇಳಿದ. ಇಬ್ಬರೂ ಒಟ್ಟಿಗೇ ಹೇಳತೊಡಗಿದರು.