ದಾನೇಶ್ವರಿ ಬೇಡ ಎಂದಳು

ದಾನೇಶ್ವರಿ ನನ್ನ ನೆಗೆಣ್ಣಿ. ಅಂದರೆ ಅಣ್ಣನ ಹೆಂಡತಿ ನಾನು, ತಮ್ಮನ ಹೆಂಡತಿ ಅವಳು. ನೆಗೆಣ್ಣಿಯನ್ನು ಹೊಗಳುವ ಹೆಂಗಸು ನಮ್ಮ ಸತ್ತಿ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ನಾನೂ ಇಪ್ಪತ್ತನಾಲ್ಕು ವರ್ಷ ಅವಳನ್ನು ಹೊಗಳಿದವಳಲ್ಲ. ಅವಳು ರೊಟ್ಟಿ ಬಡಿದರೆ ದಪ್ಪ ಎಂದೆ, ಸೀರೆ ಉಟ್ಟರೆ ಬಣ್ಣ ಸರಿಯಿಲ್ಲ ಎಂದೆ. ಅವಳ ಮೈ ಬೆಳೆಯತೊಡಗಿದ ಮೇಲಂತೂ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತು ನಾನು ಹೇಳಹೊರಟಿರುವುದು ಅವಳ ಹೊಗಳಿಕೆಯನ್ನೇ.

ನಮ್ಮದು ಕೂಡು ಮನೆ. ಹೊಳೆಯ ಕಡೆ ಕಬ್ಬು, ಊರ ಮೇಲೆ ದ್ರಾಕ್ಷಿ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಉಸ್ತುವಾರಿ ದಾನೇಶ್ವರಿಯದು. ಇಪ್ಪತ್ತು ಹೆಣ್ಣಾಳುಗಳನ್ನು ಕೂಗದೆ, ಬೈಯದೆ ನಡೆಸುತ್ತಾಳೆ. ನಾನಾಗಿದ್ದರೆ ದಿನಕ್ಕೆ ಹತ್ತು ಜಗಳ ಆಗುತ್ತಿದ್ದವು. ನಲವತ್ಮೂರು ತುಂಬುವ ಹೊತ್ತಿಗೆ ಅವಳ ತೂಕ ನೂರಾ ಇಪ್ಪತ್ತೆಂಟು ಕಿಲೋ ಆಗಿತ್ತು. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋದವು. ಮಲಗಿದಾಗ ನಡುನಡುವೆ ಉಸಿರು ನಿಲ್ಲುತ್ತದೆ ಎಂದು ನನ್ನ ಮೈದುನ ಈಶ್ವರ ಹೆದರಿ ಸಾಯುತ್ತಿದ್ದ.

ಆದರೆ ಅವಳಿಗೆ ಇವೆಲ್ಲಕ್ಕಿಂತ ದೊಡ್ಡ ನೋವು ಬೇರೆ ಇತ್ತು. ಶಿರಗುಪ್ಪಿಯ ಮದುವೆಯೊಂದರಲ್ಲಿ ಪಂಗತಿಯಲ್ಲಿ ನೆಲಕ್ಕೆ ಕೂತವಳು ಊಟ ಮುಗಿದ ಮೇಲೆ ಏಳಲಾರದೆ ಹೋದಳು. ಮೂರು ಜನ ಹಿಡಿದು ಎಬ್ಬಿಸಬೇಕಾಯಿತು. ಸುತ್ತಲಿನ ಮಂದಿ ನಕ್ಕರು. ನಾನೂ ನಕ್ಕೆ. ಅಂದಿನಿಂದ ಅವಳು ಪಂಗತಿಯಲ್ಲಿ ಕೂಡುವುದನ್ನೇ ಬಿಟ್ಟಳು. ಎಲ್ಲರಿಗೂ ನಿಂತು ಬಡಿಸುವುದು, ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಒಬ್ಬಳೇ ಉಣ್ಣುವುದು. ಒಬ್ಬಳೇ ಉಂಡರೆ ಎಷ್ಟು ಉಂಡೆ ಎಂದು ಕೇಳುವವರು ಯಾರು?

ಮಿರಜಿನ ಡಾಕ್ಟರೊಬ್ಬರು ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುವ ಆಪರೇಷನ್ ಹೇಳಿದರು. ಅದಕ್ಕೂ ಮೊದಲು ಎರಡು ವಾರ ಬರೀ ಕುಡಿಯುವ ಆಹಾರ: ಬೇಳೆಯ ಕಟ್ಟು, ಮಜ್ಜಿಗೆ, ದವಾಖಾನೆಯ ಪುಡಿ ಕದಡಿದ ಹಾಲು. ಹಾಗಿದ್ದರೆ ಲಿವರು ಕುಗ್ಗಿ ಆಪರೇಷನ್ನಿಗೆ ದಾರಿ ಬಿಡುತ್ತದಂತೆ, ಇಲ್ಲದಿದ್ದರೆ ಜೀವಕ್ಕೆ ಅಪಾಯವಂತೆ.

ದಾನೇಶ್ವರಿ ಹತ್ತು ದಿನ ಗಟ್ಟಿಯಾಗಿ ನಡೆಸಿದಳು. ಹನ್ನೊಂದನೆಯ ದಿನ ನಾನು ಶೇಂಗಾ ಹೋಳಿಗೆ ಮಾಡಿದ್ದೆ.

"ಒಂದ ತಿಂದ್ರ ಏನ ಆಗ್ತೈತಿ, ತಗೋ ದಾನವ್ವಾ," ಎಂದೆ.

ಅವಳು ಬೇಡ ಎಂದಳು. ನಾನು ಮೋರೆ ಸಣ್ಣದು ಮಾಡಿಕೊಂಡೆ. ನನ್ನ ಮೋರೆ ನೋಡಲಾರದೆ ಒಂದು ತಿಂದಳು. ತಿಂದು ಕೆಟ್ಟೆನಲ್ಲ ಎಂಬ ಸಿಟ್ಟಿನಲ್ಲಿ ಇನ್ನೂ ಮೂರು ತಿಂದಳು. ಮರುದಿನದಿಂದ ನೇಮವೇ ಮುರಿದುಬಿತ್ತು. ಡಾಕ್ಟರು ಸ್ಕ್ಯಾನ್ ನೋಡಿ ತಲೆಯಾಡಿಸಿದರು.

"ಲಿವರ್ ಇದ್ದಂಗ ಐತಿ. ಇನ್ನೊಂದು ಅವಕಾಶ ಕೊಡ್ತೀನ್ರಿ. ಆವಾಗನೂ ಹಿಂಗ ಬಂದ್ರ ನಾ ಆಪರೇಷನ್ ಮಾಡಂಗಿಲ್ಲ. ಯಾಕ ತಿಂದ್ರಿ?"

ಪಕ್ಕದಲ್ಲಿ ನಾನು ನಿಂತಿದ್ದೆ. ದಾನೇಶ್ವರಿ ನನ್ನ ಹೆಸರು ಹೇಳಲಿಲ್ಲ. "ನಂದ ತಪ್ಪ್ರಿ," ಎಂದಳು ಅಷ್ಟೆ. ಅವಳು ನನ್ನ ಹೆಸರು ಹೇಳಿ ಬೈದಿದ್ದರೆ ಅಲ್ಲೇ ಜಗಳ ತೆಗೆದು ಹಗುರಾಗುತ್ತಿದ್ದೆ. ಅವಳು ಹೇಳದೆ ಹೋದದ್ದೇ ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಎರಡನೆಯ ಸಲ ಶುರು ಮಾಡುವ ಮೊದಲು ಆಪ್ತಸಮಾಲೋಚಕಿಯನ್ನು ಕಾಣಿರಿ, ಮನೆಯವರೊಬ್ಬರು ಜೊತೆಗೆ ಬರಲಿ ಎಂದು ದವಾಖಾನೆಯವರು ಹೇಳಿದರು. ಈಶ್ವರ ಹೊರಟಿದ್ದ. ನಾನು ಅವನನ್ನು ಹಿಂದೆ ಸರಿಸಿ ಬಸ್ಸು ಹತ್ತಿದೆ.

ಸುಮಯ್ಯಾ ಮೇಡಂ ನಿಪ್ಪಾಣಿಯವರು. ಕನ್ನಡ, ಮರಾಠಿ ಎರಡೂ ನೀರು ಕುಡಿದಷ್ಟು ಸಲೀಸು. ಪುಟ್ಟ ಕೋಣೆ, ಮೂರು ಕುರ್ಚಿ, ಒಂದು ಟೇಬಲ್ಲು. ಹಸಿವು ಇಲ್ಲದಿದ್ದರೂ ಉಣ್ಣುವುದು ಯಾವಾಗಿನಿಂದ ಶುರುವಾಯಿತು ಎಂದು ಅವರು ಕೇಳಿದರು. ದಾನೇಶ್ವರಿ ಸೆರಗಿನ ಅಂಚು ತಿರುವುತ್ತ ಹೇಳಿದಳು.

"ಹತ್ತೊಂಬತ್ತಕ್ಕ ಮದುವಿ ಆಗಿ ಬಂದೆರಿ. ಮನಿ ತುಂಬ ಮಂದಿ, ಮಾತಾಡ್ಸೋರು ಯಾರೂ ಇರ್ಲಿಲ್ಲ. ಅತ್ತಿ ಮಾತ ಕಡಿಮಿ. ಆದ್ರ ಉಣ್ಣಾಕ ಕೂತಾಗ ನಾ ಕೇಳದಿದ್ರೂ ತಾಟಿಗೆ ಹಾಕ್ತಿದ್ರು. ಆವಾಗ ಅನಸ್ತಿತ್ರಿ, ಈ ಮನಿಗೆ ನಾನೂ ಬೇಕಾಗೇನಿ ಅಂತ. ಬಡಿಸಿದ್ದನ್ನ ಬ್ಯಾಡ ಅನ್ನೋದಂದ್ರ ಅವರನ್ನ ಬ್ಯಾಡ ಅಂದಂಗ ಅನಸ್ತೈತ್ರಿ."

ಮಾತಾಡಿಸದ ಆ ಮಂದಿಯಲ್ಲಿ ಮೊದಲನೆಯವಳು ನಾನೇ. ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮೇಡಂ ಒಂದು ಖಾಲಿ ಸ್ಟೀಲ್ ತಾಟನ್ನು ಅವಳ ಮುಂದಿಟ್ಟು ನನ್ನ ಕಡೆ ತಿರುಗಿದರು. "ಶೇವಂತಕ್ಕಾ, ನೀವು ಹೋಳಿಗಿ ಬಡಿಸ್ರಿ. ಇವರು ಬ್ಯಾಡ ಅನ್ಲಿ. ನೀವು ಬಿಡಬ್ಯಾಡ್ರಿ, ಮನ್ಯಾಗ ಮಾಡಿದಂಗ ಒತ್ತಾಯ ಮಾಡ್ರಿ."

ಇದೇನು ಮಕ್ಕಳ ಆಟ ಎಂದುಕೊಂಡೆ. ಆದರೂ ಬರೀ ಕೈಯಲ್ಲೇ ಶುರು ಮಾಡಿದೆ. ದಾನೇಶ್ವರಿ "ಸಾಕ್ರಿ" ಎಂದಳು. ಸಾಕು ಎಂದರೆ ನಮ್ಮ ಕಡೆ ಇನ್ನೊಂದು ಹಾಕು ಎಂದೇ ಅರ್ಥ. ಹಾಕಿದೆ. ತಾಟಿಗೆ ಕೈ ಅಡ್ಡ ಹಿಡಿದಳು. ಕೈಯ ಮೇಲೇ ಹಾಕಿದೆ. "ನಾಕು ಮಾರು ನಡದ ಬಂದ ಬಡಸಾಕತ್ತೇನಿ, ನನ್ನ ಮಾತಿಗೆ ಇಷ್ಟ ಕಿಮ್ಮತ್ತ ಏನ ನಿನ್ನ ಹಂತ್ಯಾಕ?" ಎಂದು ದನಿ ಒಡೆದುಕೊಂಡೆ. ದಾನೇಶ್ವರಿ ತಲೆ ತಗ್ಗಿಸಿ, "ಆತ್ರಿ, ಹಾಕ್ರಿ," ಎಂದಳು.

ಮೂರು ಸಲ ಆಡಿದೆವು. ಮೂರು ಸಲವೂ ಖಾಲಿ ತಾಟಿನೆದುರು ಅವಳು ಸೋತಳು. ಮೊದಲು ಮೂವರೂ ನಕ್ಕೆವು. ನಗು ನಿಂತ ಮೇಲೆ ನನಗೆ ಅಳು ಬಂತು. ಇಪ್ಪತ್ತನಾಲ್ಕು ವರ್ಷ ನಾನು ಪ್ರೀತಿ ಎಂದು ತಿಳಿದದ್ದರಲ್ಲಿ ಎಷ್ಟು ಹಟವಿತ್ತು ಎಂಬುದು ಆ ಕೋಣೆಯಲ್ಲಿ ಗೊತ್ತಾಯಿತು.

"ಸಾಕು ಅನಬ್ಯಾಡ್ರಿ, ಕೈ ಅಡ್ಡ ಹಿಡೀಬ್ಯಾಡ್ರಿ," ಎಂದರು ಮೇಡಂ. "ಕಣ್ಣಾಗ ಕಣ್ಣಿಟ್ಟ ನೋಡ್ರಿ. ಬ್ಯಾಡಾಗಿದ್ದು ತಿನಿಸು, ಬಡಸೋ ಮನಷ್ಯಾ ಅಲ್ಲ. ಅದನ್ನ ಬಾಯಿಬಿಟ್ಟ ಹೇಳ್ರಿ."

ಆಮೇಲೆ ಊರಿಗೆ ಬಂದು ದಿನಾ ಇದೇ ತಾಲೀಮು. ಮಧ್ಯಾಹ್ನ ಶೆಡ್ಡಿನಲ್ಲಿ ಆಳುಗಳು ಊಟಕ್ಕೆ ಹೋದಾಗ ನಾನು ಖಾಲಿ ಬುಟ್ಟಿ ಹಿಡಿದು ಬಡಿಸುತ್ತಿದ್ದೆ, ಅವಳು ಬೇಡ ಎನ್ನುತ್ತಿದ್ದಳು. ಮೊದಮೊದಲು ಬೇಡ ಎನ್ನುವಾಗ ತಪ್ಪು ಮಾಡಿದವಳ ಹಾಗೆ ಅವಳ ದನಿ ನಡುಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನಡುಕ ನಿಂತಿತು. ಎರಡನೆಯ ಸಲದ ಎರಡು ವಾರ ಶುರುವಾಯಿತು. ಹತ್ತನೆಯ ದಿನದವರೆಗೆ ಎಲ್ಲ ಸುರಳೀತ.

ಹತ್ತನೆಯ ದಿನ ನಮ್ಮತ್ತೆ ಹೊಳೆವ್ವ ಒಂದು ಅನಾಹುತ ಮಾಡಿದಳು. ಆಪರೇಷನ್ ಆದ ಮೇಲೆ ಸೊಸೆ ಜೀವಮಾನದಲ್ಲಿ ಹೋಳಿಗೆ ಮುಟ್ಟುವಂತಿಲ್ಲ ಎಂದು ಯಾರೋ ಅವಳ ಕಿವಿಯಲ್ಲಿ ಹಾಕಿದ್ದರು. ಎಪ್ಪತ್ತೆಂಟರ ಮುದುಕಿ ತಡೆದುಕೊಳ್ಳಲಿಲ್ಲ. ಬಸುರಿಗೆ ತರುವ ಹಾಗೆ ಇವಳಿಗೂ ಬಯಕೆ ಬುತ್ತಿ ತರಬೇಕೆಂದು ಗುಟ್ಟಾಗಿ ಬೀಗರಿಗೆಲ್ಲ ಫೋನು ಮಾಡಿಸಿದಳು. ಶಿರಗುಪ್ಪಿ, ರಾಯಬಾಗ, ಅಥಣಿ ಎಂದು ಒಂಬತ್ತು ಮಂದಿ ಹೆಂಗಸರು ಬುತ್ತಿಗಂಟು ಹೊತ್ತು ಬಂದಿಳಿದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕರಚಿಕಾಯಿ, ಮಾದಲಿ, ತುಪ್ಪ ಸೋರುವ ಹೋಳಿಗೆ. ಪಡಸಾಲೆಯ ತುಂಬ ವಾಸನೆ. ಏನೂ ಗೊತ್ತಿಲ್ಲದ ದಾನೇಶ್ವರಿಯನ್ನು ಶೆಡ್ಡಿನಿಂದ ಕರೆಸಿ ಕುರ್ಚಿಯಲ್ಲಿ ಕೂಡಿಸಿದರು, ಉಡಿ ತುಂಬಿದರು.

ಸ್ಕ್ಯಾನಿಗೆ ಇನ್ನು ನಾಲ್ಕೇ ದಿನ. ಇದೇ ಕೊನೆಯ ಅವಕಾಶ.

ಹೊಳೆವ್ವ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಸೊಸೆಯ ತುಟಿಯ ತನಕ ತಂದಳು. "ತಗೋ ನನ್ನವ್ವಾ, ಇನ್ನ ಮುಂದ ತಿನ್ನತೀಯೋ ಇಲ್ಲೋ," ಎಂದಳು. ಕಣ್ಣಲ್ಲಿ ನೀರಿತ್ತು. ನಾನು ತಡೆಯಲೆಂದು ಎದ್ದೆ. ದಾನೇಶ್ವರಿ ಕಣ್ಣಿನಲ್ಲೇ ನನ್ನನ್ನು ಕೂಡಿಸಿದಳು.

ಅವಳು ಸಾಕು ಎನ್ನಲಿಲ್ಲ. ಕೈ ಅಡ್ಡ ಹಿಡಿಯಲಿಲ್ಲ. ಅತ್ತೆಯ ಮುಂಗೈಯನ್ನು ಮೆಲ್ಲಗೆ ಹಿಡಿದುಕೊಂಡು ಮುಖ ನೋಡಿದಳು.

"ಅತ್ತೀ, ನೀವು ಬಡಿಸಿದ್ದನ್ನ ಇಪ್ಪತ್ನಾಕ ವರ್ಷದಾಗ ಒಂದ ದಿನಾನೂ ಬ್ಯಾಡ ಅಂದಿಲ್ಲ. ಇವತ್ತ ಬ್ಯಾಡ ಅಂತೇನ್ರಿ. ಹೋಳಿಗಿ ಅಷ್ಟ ಬ್ಯಾಡ, ನೀವು ಬೇಕ್ರಿ. ಇನ್ನ ಇಪ್ಪತ್ತ ವರ್ಷ ನಿಮ್ಮ ಮನ್ಯಾಗ ಓಡ್ಯಾಡಬೇಕಂತ ಆಸೆ ಐತ್ರಿ."

ಹೊಳೆವ್ವನ ಬೆರಳಿನಿಂದ ತುಪ್ಪ ತೊಟ್ಟಿಕ್ಕುತ್ತಿತ್ತು.

"ಎಂದೂ ತಿನ್ನಾಕ ಬರಂಗಿಲ್ಲಂತಲ್ಲಬೇ," ಎಂದಳು ಮುದುಕಿ, ಹುಡುಗಿಯ ದನಿಯಲ್ಲಿ.

"ಯಾರ ಹೇಳಿದ್ರಿ? ನಾಕ ತಿಂಗಳಾದ್ರ ಎಲ್ಲಾ ತಿನ್ನಬಹುದ್ರಿ, ಸ್ವಲ್ಪ ಸ್ವಲ್ಪ."

ಹೊಳೆವ್ವ ನನ್ನ ಕಡೆ ನೋಡಿದಳು. ಉಳಿದವರೂ ನೋಡಿದರು. ಹೌದು, ಯಾರೋ ಎಂದೆನಲ್ಲ, ಆ ಯಾರೋ ನಾನೇ. ಶುರುವಿನಲ್ಲಿ ಬಾಯಿ ಚಪಲಕ್ಕೆ ಓಣಿಯಲ್ಲಿ ಆಡಿದ ಮಾತು ಶಿರಗುಪ್ಪಿ ಸುತ್ತಿ ಮನೆಗೇ ಬಂದಿತ್ತು. ಆ ಹೊತ್ತಿನಲ್ಲಿ ನೆಲ ಬಾಯಿಬಿಟ್ಟಿದ್ದರೆ ಸಂತೋಷದಿಂದ ಇಳಿದುಹೋಗುತ್ತಿದ್ದೆ.

ದಾನೇಶ್ವರಿ ಆ ತುತ್ತನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಅತ್ತೆಯ ಬಾಯಿಗೇ ಇಟ್ಟಳು. ಮುದುಕಿ ಅಳುತ್ತ ಅಗಿದಳು, ಅಗಿಯುತ್ತ ನಕ್ಕಳು. "ಬುತ್ತಿ ತಂದೀರಿ, ಕೂತು ಉಣ್ರಿ. ನಾ ಬಡಸ್ತೇನಿ," ಎಂದು ದಾನೇಶ್ವರಿ ಎಲ್ಲರನ್ನೂ ಸಾಲಾಗಿ ಕೂಡಿಸಿದಳು. ಒಬ್ಬೊಬ್ಬರಿಗೂ ಹಾಕಲೇನ್ರಿ ಎಂದು ಕೇಳಿ ಕೇಳಿ ಹಾಕಿದಳು. ಬೇಡ ಎಂದವರಿಗೆ ಹಾಕಲಿಲ್ಲ. ಅಥಣಿಯ ಶ್ರೀಮಂತ ಬೀಗತಿಯೊಬ್ಬಳು ಮರ್ಯಾದೆಗೆ ಬೇಡ ಎಂದುಬಿಟ್ಟು, ಹೋಳಿಗೆ ನಿಜವಾಗಿಯೂ ಬರಲಿಲ್ಲವಲ್ಲ ಎಂದು ಖಾಲಿ ತಾಟು ನೋಡುತ್ತ ಕೂತಳು.

ಅಡುಗೆಮನೆಯಲ್ಲಿ ಕಟ್ಟಿನ ಲೋಟ ಹಿಡಿದು ನಿಂತಾಗ ಮಾತ್ರ ದಾನೇಶ್ವರಿ ನನ್ನನ್ನು ಒಳಗೆ ಕರೆದಳು. "ಅಕ್ಕಾ, ತುಪ್ಪದ ವಾಸನಿಗೆ ಜೀವ ಹೊಂಟೈತಿ. ನನ್ನ ಕೈ ಹಿಡ್ಕೋ," ಎಂದಳು. ಅಲ್ಲಿಯ ತನಕ ಅವಳಿಗೆ ನಾನು ಅಕ್ಕಾರ, ಬರ್ರಿ, ಹೋಗ್ರಿ. ಕೈ ಹಿಡಿದುಕೊಂಡೆ. ಹೊರಗೆ ಊಟ ಮುಗಿಯುವ ತನಕ ಬಿಡಲಿಲ್ಲ. ಅವಳು ಗುಟುಕು ಗುಟುಕಾಗಿ ಕಟ್ಟು ಕುಡಿದಳು.

ನಾಲ್ಕು ದಿನದ ಮೇಲೆ ಡಾಕ್ಟರು ಸ್ಕ್ಯಾನ್ ನೋಡಿದರು, ಇನ್ನೊಮ್ಮೆ ನೋಡಿದರು. "ಭಾಳ ಛಲೋ ಆಗೇತ್ರಿ. ಗುರುವಾರ ಬರ್ರಿ," ಎಂದರು. ನಾನು ದವಾಖಾನೆಯೆಂಬುದನ್ನೂ ಮರೆತು ಕೂಗಿಬಿಟ್ಟೆ. ನರ್ಸು ಗದರಿದಳು. ಗುರುವಾರ ಒಳಗೆ ಕರೆದೊಯ್ಯುವಾಗ ಈಶ್ವರನ ಮುಖ ಬಿಳಿಚಿಕೊಂಡಿತ್ತು. ದಾನೇಶ್ವರಿ ಮಾತ್ರ ಶೆಡ್ಡಿಗೆ ಹೊರಟವಳ ಹಾಗೆ, "ದ್ರಾಕ್ಷಿ ಮ್ಯಾಲ ತಾಡಪತ್ರಿ ಮುಚ್ಚಾಕ ಹೇಳ್ರಿ, ಮೋಡ ಆಗೇತಿ," ಎಂದು ಒಳಗೆ ಹೋದಳು. ಹೆದರುವ ಕೆಲಸವನ್ನೆಲ್ಲ ಅವಳು ಅಷ್ಟರೊಳಗೇ ಮುಗಿಸಿಬಿಟ್ಟಿದ್ದಳು.

ಆಪರೇಷನ್ ಆಗಿ ಎಂಟು ತಿಂಗಳಿಗೆ ನನ್ನ ಮಗಳು ಸೀಮಾಳ ಕುಬಸ, ಅಂದರೆ ಸೀಮಂತ. ಈ ಸಲ ಬಂದದ್ದು ನಿಜವಾದ ಬಯಕೆ ಬುತ್ತಿ. ಪಂಗತಿ ಹಾಕಿದಾಗ ದಾನೇಶ್ವರಿ ಬಂದು ಹೊಳೆವ್ವನ ಪಕ್ಕದಲ್ಲಿ ನೆಲಕ್ಕೆ ಕೂತಳು. ಎಷ್ಟೋ ವರ್ಷದ ಮೇಲೆ ಕೂತಳು. ಶಿರಗುಪ್ಪಿಯಲ್ಲಿ ನಕ್ಕವರೂ ಆ ಸಾಲಿನಲ್ಲಿದ್ದರು. ಹೋಳಿಗೆಯ ಬುಟ್ಟಿ ನನ್ನ ಕೈಯಲ್ಲಿತ್ತು. ಅವಳೆದುರು ಬಂದು ನಿಂತೆ.

"ಹಾಕ್ಲೇನ ದಾನವ್ವಾ?"

"ಅರ್ಧ ಹಾಕಕ್ಕಾ."

ಅರ್ಧವೇ ಹಾಕಿದೆ. ಅವಳು ಸಣ್ಣ ಸಣ್ಣ ತುತ್ತು ಮುರಿದು, ಒಂದೊಂದನ್ನೂ ಹಣ್ಣಾಗುವಷ್ಟು ಅಗಿದು ತಿನ್ನತೊಡಗಿದಳು. ಉಳಿದವರದೆಲ್ಲ ಮುಗಿಯಿತು. ಒಬ್ಬರದು ಬಾಕಿಯಿದ್ದರೂ ಪಂಗತಿ ಏಳಬಾರದೆಂಬುದು ನಮ್ಮ ಕಡೆಯ ರೀತಿ. ಯಾರೋ ಚಡಪಡಿಸಿದರು. ಹೊಳೆವ್ವ ಆ ಕಡೆ ಕಣ್ಣು ಬಿಟ್ಟು ನೋಡಿದಳು, ಅವರು ಸುಮ್ಮನಾದರು. ಕಾಲು ಗಂಟೆ ಇಡೀ ಪಂಗತಿ ಎಂಜಲು ಕೈ ಒಣಗಿಸಿಕೊಂಡು, ಅರ್ಧ ಹೋಳಿಗೆ ಮುಗಿಯುವುದನ್ನು ಕಾಯುತ್ತ ಕೂತಿತು.

ಕೊನೆಯ ತುತ್ತು ನುಂಗಿ ದಾನೇಶ್ವರಿ ನೀರು ಕುಡಿದಳು. ನಾನು ಅಭ್ಯಾಸಬಲದಿಂದ ಬುಟ್ಟಿ ಇಳಿಸಿ ಅವಳನ್ನು ಎಬ್ಬಿಸಲು ಕೈ ಚಾಚಿದೆ. ಅವಳು ನನ್ನ ಕೈಯನ್ನು ನೋಡಿದಳು, ನನ್ನ ಮುಖವನ್ನು ನೋಡಿ ನಕ್ಕಳು.

"ಬ್ಯಾಡಕ್ಕಾ," ಎಂದವಳು ತಾನೇ ಎದ್ದು ನಿಂತಳು.