ಪಾಂಡಾ ಮತ್ತು ನನ್ನ ಭವ್ಯ ಪರಂಪರೆ

ಪಾಂಡಾ ಕಂಡರೆ ನನಗೆ ನಾಚಿಕೆಯಾಗುತ್ತದೆ. ನಿಜವಾದ ಪಾಂಡಾವನ್ನು ನಾನು ಕಂಡವನಲ್ಲ, ಕುವೈತಿನ ಈ ಬಿಸಿಲಿಗೆ ಅದು ಬರುವ ಪ್ರಾಣಿಯೂ ಅಲ್ಲ. ನಾನು ಹೇಳುತ್ತಿರುವುದು ಅಬು ಹಲೀಫಾದ ನಮ್ಮ ಫ್ಲಾಟಿನಲ್ಲಿ ಪೆನ್ಸಿಲ್ ಪೌಚು, ನೀರಿನ ಬಾಟಲಿ, ದಿಂಬಿನ ಕವರು, ಹಲ್ಲುಜ್ಜುವ ಬ್ರಷ್ಷಿನ ಲೋಟ, ಕೊನೆಗೆ ಫ್ರಿಜ್ಜಿನ ಬಾಗಿಲ ಮೇಲೂ ನೆಲೆಸಿರುವ ಜಪಾನೀ ಪಾಂಡಾಗಳ ವಿಷಯ. ಎಲ್ಲವೂ ನನ್ನ ಹನ್ನೆರಡು ವರ್ಷದ ಮಗಳು ಧಾತ್ರಿಯ ಆಸ್ತಿ. ಬೆಳಿಗ್ಗೆ ಬ್ರಷ್ ತೆಗೆಯಲು ಹೋದರೆ ಲೋಟದ ಪಾಂಡಾ ನನ್ನನ್ನೇ ನೋಡುತ್ತದೆ. ನಾನು ಗೋಡೆ ನೋಡುತ್ತಾ ಹಲ್ಲುಜ್ಜುತ್ತೇನೆ.

ಪಾಂಡಾಕ್ಕೂ ಜಪಾನಿಗೂ ಹುಟ್ಟಿನ ಸಂಬಂಧವಿಲ್ಲ. ಅದು ಚೀನಾದ ಬಿದಿರು ಕಾಡಿನದು. ಜಪಾನಿನ ಚಿತ್ರಕಾರನೊಬ್ಬ ಹೊರದೇಶದ ಮೃಗಾಲಯದಲ್ಲಿ ಅದನ್ನು ನೋಡಿ ಮನಸೋತು, ಊರಿಗೆ ಮರಳಿ ದುಂಡು ತಲೆಯ, ಗಿಡ್ಡ ಕಾಲಿನ ಪಾಂಡಾಗಳನ್ನು ಬಿಡಿಸಿದನಂತೆ. ಆಗಿನ್ನೂ ಟೋಕಿಯೋಗೆ ಪಾಂಡಾ ಬಂದೇ ಇರಲಿಲ್ಲ. ಆಮೇಲೆ ಚೀನಾ ಒಂದು ಜೋಡಿಯನ್ನು ಉಡುಗೊರೆಯಾಗಿ ಕಳಿಸಿತು. ಜನ ಸಾಲುಗಟ್ಟಿ ನಿಂತು ನೋಡಿದರು. ಅಲ್ಲಿಂದ ಮುಂದೆ ಲೋಟ, ತಟ್ಟೆ, ಕರವಸ್ತ್ರ, ಯಾವುದನ್ನೂ ಪಾಂಡಾ ಬಿಡಲಿಲ್ಲ. ಎಷ್ಟೆಂದರೂ ಅದು ಕರಡಿಯ ಜಾತಿ. ಗಟ್ಟಿ ಹಲ್ಲು, ಚೂಪು ಉಗುರು, ಸಣ್ಣ ಕಣ್ಣು. ಚಿತ್ರಕಾರರು ಹಲ್ಲನ್ನೂ ಉಗುರನ್ನೂ ತೆಗೆದುಹಾಕಿದರು, ಬಾಯಿಯನ್ನು ಒಂದು ಸಣ್ಣ ಗೆರೆಗೆ ಇಳಿಸಿದರು. ಕಣ್ಣಿನ ಸುತ್ತಲಿನ ಕಪ್ಪನ್ನು ಮಾತ್ರ ಉಳಿಸಿಕೊಂಡು, ಕೆನ್ನೆಯ ಕಡೆಗೆ ತುಸು ಜಾರಿಸಿದರು. ಅಷ್ಟಕ್ಕೇ ಅದನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ನಮ್ಮ ಕಡೆ ಮುದ್ದು ಎಂದರೆ ಮಗುವಿನ ಕೆನ್ನೆ ಹಿಂಡಿ ಅಳಿಸುವುದು. ಜಪಾನಿನವರು ಅದನ್ನು ಒಂದು ಕಲೆಯಾಗಿ ಬೆಳೆಸಿಬಿಟ್ಟರು.

ಇಷ್ಟೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನಲ್ಲ, ಇದರಲ್ಲಿ ನನ್ನ ಸ್ವಂತದ್ದು ಕೆನ್ನೆ ಹಿಂಡುವ ವಿಚಾರ ಒಂದೇ. ಉಳಿದದ್ದೆಲ್ಲ ಮಗಳು ಬರೆದ ಎರಡು ಹಾಳೆಗಳಿಂದ ಎತ್ತಿದ್ದು.

ನಾನು ಇಲ್ಲಿನ ಒಂದು ಕನ್ನಡ ಸಂಘದ ಸಮಿತಿಯಲ್ಲಿದ್ದೇನೆ. ತೈಲ ಕಂಪನಿಯಲ್ಲಿ ಪೈಪುಗಳ ತುಕ್ಕು ಪರೀಕ್ಷಿಸುವ ಎಂಜಿನಿಯರಿಗೆ ವಾರದ ಕೊನೆಗೆ ಸ್ವಲ್ಪ ಸಂಸ್ಕೃತಿ ಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣದಲ್ಲಿ ಅವೇ ಮಕ್ಕಳು ಅಚ್ಚಗನ್ನಡದಲ್ಲಿ ಭಾಷಣ ಮಾಡುತ್ತವೆ. ಗುಟ್ಟು ಏನೆಂದರೆ, ಅಪ್ಪನೋ ಅಮ್ಮನೋ ಭಾಷಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡುತ್ತಾರೆ, ಮಗು ಉರು ಹೊಡೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ.

ಈ ಸಲದ ವಿಷಯ ‘ನನಗೆ ಇಷ್ಟವಾದದ್ದು’. ಧಾತ್ರಿ ಯಾರನ್ನೂ ಕೇಳದೆ ತಾನೇ ಬರೆದಳು. ಅಕ್ಷರ ಇಂಗ್ಲಿಷಾದರೂ ಮಾತು ಕನ್ನಡದ್ದೇ. ಮೊದಲ ಹಾಳೆ ಓದಿ ನನಗೆ ನಗು ಬಂತು. ನಕ್ಕು ಸುಮ್ಮನಿದ್ದರೂ ಆಗುತ್ತಿತ್ತು. ಸಮಿತಿಯ ಸಭೆಯಲ್ಲಿ ಒಂದು ಸಾಲನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ: “ಪಾಂಡಾ ಚೀನಾದವರು. ಆದರೆ ಜಪಾನ್ ಅವರಿಗೆ ಮುದ್ದು ಮಾಡಿ ಮಾಡಿ ಇಟ್ಟುಕೊಂಡಿದೆ.” ನಗು ನಿಂತ ಮೇಲೆ ಒಬ್ಬರು, “ಸಮಿತಿಯವ್ರ ಮಗಳೇ ಪಾಂಡಾ ಅಂದ್ರೆ ಹೆಂಗೆ ಸರ್?” ಎಂದರು. ನನ್ನ ಮರ್ಯಾದೆಯ ಚಿಂತೆ ಹತ್ತಿತು. ಮನೆಗೆ ಬಂದು ಅರ್ಧ ಗಂಟೆಯಲ್ಲಿ ‘ನನಗೆ ಇಷ್ಟವಾದ ನಾಡು’ ಎಂದು ಹೊಸ ಭಾಷಣ ಬರೆದೆ. ಭವ್ಯ ಪರಂಪರೆ, ಕಲಿಗಳ ಬೀಡು, ಶಿಲ್ಪಕಲೆಯ ತವರು, ಒಂದನ್ನೂ ಬಿಡಲಿಲ್ಲ.

ಧಾತ್ರಿ ಹಾಳೆ ಹಿಡಿದು ನಿಂತಳು. “ಅಪ್ಪಾ, ವಾಟ್ ಈಸ್ ಭವ್ಯ?”

“ಆಮೇಲೆ ಹೇಳ್ತೀನಿ ಪುಟ್ಟಿ. ಮೊದ್ಲು ಬೈಹಾರ್ಟ್ ಮಾಡು.”

ಅವಳಿಗೆ ಮೊದಲ ಬಹುಮಾನ ಬಂತು. ನಾನು ವಿಡಿಯೋ ಮಾಡಿ ಹಾಸನದ ನೆಂಟರಿಗೆಲ್ಲ ಕಳಿಸಿದೆ. ಭವ್ಯ ಎಂದರೇನು ಎಂದು ಹೇಳಲು ಮರೆತೆ. ಅವಳೂ ಮತ್ತೆ ಕೇಳಲಿಲ್ಲ.

ಮುಂದಿನ ವಾರ ಫಹಾಹೀಲಿನ ಸ್ಟೇಷನರಿ ಅಂಗಡಿಗೆ ಒಂದು ಫೈಲು ಕೊಳ್ಳಲು ಹೋದೆ. ಅಂಗಡಿಯ ಹಮೀದ್ ಪುತ್ತೂರಿನ ಬ್ಯಾರಿ. ನಮ್ಮ ಮನೆಯ ಪಾಂಡಾಗಳಲ್ಲಿ ಮುಕ್ಕಾಲು ಪಾಲು ಅವರ ಅಂಗಡಿಯಿಂದಲೇ ಬಂದವು.

“ಮಗಳ ಪಾಂಡಾ ಭಾಷಣ ಹೇಗಾಯ್ತು ಸರ್?” ಎಂದು ಕೇಳಿದರು. “ಅಮ್ಮನ ಜೊತೆ ಬಂದಾಗ ಇಲ್ಲೇ ನಿಂತು ನನಗೆ ಇಡೀ ಹೇಳಿದ್ದಾಳೆ. ಕನ್ನಡದಲ್ಲೇ. ಇಷ್ಟು ವರ್ಷ ಮಾರಿದ್ದೇನೆ, ಅದರ ಕಥೆ ನನಗೇ ಗೊತ್ತಿರ್ಲಿಲ್ಲ ನೋಡಿ.”

“ಚೆನ್ನಾಗಾಯ್ತು” ಎಂದೆ. ಸುಳ್ಳು ಹೇಳಿದ ಮುಖವನ್ನು ಎಲ್ಲಿಡುವುದೆಂದು ತಿಳಿಯದೆ ಫೈಲಿನ ಬಣ್ಣ ನೋಡುತ್ತಾ ನಿಂತೆ. ನನ್ನ ಮಗಳು ಯಾರೂ ಬಲವಂತ ಮಾಡದೆ ಕನ್ನಡದಲ್ಲಿ ಮಾತಾಡಿದ್ದಾಳೆ. ಕೇಳಿದವರು ಹಮೀದ್. ಸಂಘ ಕಟ್ಟಿ, ಮೈಕು ಹಿಡಿದು, ನಮ್ಮ ಮಕ್ಕಳು ಕನ್ನಡ ಮಾತಾಡುವುದಿಲ್ಲ ಎಂದು ಗೋಳಾಡುವ ನಾನಲ್ಲ.

ಮನೆಗೆ ಬಂದು ಆ ಹಾಳೆಗಳನ್ನು ಹುಡುಕಿದೆ. ನಾನು ಎರಡನೆಯದನ್ನು ಓದಿಯೇ ಇರಲಿಲ್ಲ. ಅದರಲ್ಲಿ ಹೀಗಿತ್ತು: “ಜಪಾನಲ್ಲಿ ಒಂದು ಥರ ಪಾಂಡಾ ಯಾವಾಗಲೂ ಮಲಗಿರುತ್ತೆ. ಆಫೀಸಿಂದ ಸುಸ್ತಾಗಿ ಬರುವವರಿಗೆ ಅದು ತುಂಬಾ ಇಷ್ಟ. ನನ್ನ ಅಪ್ಪ ಸೈಟಿಂದ ಬಂದು ಸೋಫಾ ಮೇಲೆ ಹಾಗೇ ಮಲಗುತ್ತಾರೆ. ಅಪ್ಪನ ಕಣ್ಣು ಕೆಳಗೆ ಕೂಡ ಕಪ್ಪು ಇದೆ. ಅದಕ್ಕೆ ನನಗೆ ಪಾಂಡಾ ಇಷ್ಟ.”

ಇದನ್ನು ಕಿತ್ತುಕೊಂಡು ಅವಳ ಬಾಯಿಗೆ ನಾನು ಶಿಲ್ಪಕಲೆಯ ತವರನ್ನು ತುರುಕಿದ್ದೆ. ಹೆಂಡತಿ ವೀಣಾಗೆ ಹಾಳೆ ತೋರಿಸಿದೆ. “ನಂಗೆ ಗೊತ್ತಿತ್ತು ರೀ” ಎಂದಳು, “ನೀವು ಓದಿರ್ತೀರ ಅಂದ್ಕೊಂಡಿದ್ದೆ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಧಾತ್ರಿಯ ಕೋಣೆಗೆ ಹೋದೆ. ಅವಳು ಒಂದು ಪಾಂಡಾಕ್ಕೆ ಬಣ್ಣ ಹಚ್ಚುತ್ತಿದ್ದಳು. “ಪುಟ್ಟಿ, ಆ ಪಾಂಡಾ ಭಾಷಣ ನಂಗೊಂದ್ಸಲ ಹೇಳ್ತೀಯಾ? ಕನ್ನಡದಲ್ಲಿ?”

ಅವಳ ದನಿಯಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. “ಶ್ಯೂರ್ ಅಪ್ಪಾ” ಎಂದಳು, ಬಣ್ಣ ಹಚ್ಚುವುದನ್ನು ನಿಲ್ಲಿಸದೆ. “ಯು ರೈಟ್ ಇಟ್. ಐ ವಿಲ್ ಬೈಹಾರ್ಟ್.”

ನಾಡಿನ ಹಿರಿಮೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದವನು ಪಾಂಡಾದ ಬಗ್ಗೆ ಬರೆಯಲು ಕುಳಿತು ನಾಲ್ಕು ದಿನವಾಯಿತು. ಬರೆದದ್ದು ಕೊನೆಗೆ ಹೀಗಾಗಿದೆ. ಕನ್ನಡ ಅಕ್ಷರ ಬಾರದ ನನ್ನ ಮಗಳು ಇದನ್ನು ಓದಲಾರಳು. ಅವಳ ಎದುರು ಕುಳಿತು ಓದಿ ಹೇಳಬೇಕಾದವನು ನಾನೇ.